ಬೋಧ ಕೆಡಿಸುವುದು ಬೇಡ ಅನ್ನುವವರಿಗೆ

"ಚರ್ಮ ಹರಿದದ್ದಲ್ವಾ? ಅದಕ್ಕೆ ಬೋಧ ಕೆಡಿಸುವುದು ಯಾಕೆ? ನಾಲ್ಕು ಜನ ಹಿಡಿದುಕೊಳ್ಳುತ್ತೇವೆ, ನೀವು ಹೊಲಿದುಬಿಡಿ."

ನಾಯಿ ಕಚ್ಚಿದ ಮಗುವನ್ನು ಎತ್ತಿಕೊಂಡು ಬಂದ ಮನೆಯವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ನಾನು ಡಾಕ್ಟರಲ್ಲ. ಮಂಗಳೂರಿನ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಅನಸ್ತೇಷಿಯಾ ಟೆಕ್ನಿಶಿಯನ್. ಬೆಳಿಗ್ಗೆ ಮೆಷಿನ್ ಪರೀಕ್ಷಿಸುವುದು, ಟ್ಯೂಬ್, ಮಾಸ್ಕ್, ಮದ್ದು ತುಂಬಿದ ಸಿರಿಂಜುಗಳನ್ನು ಜೋಡಿಸಿಡುವುದು, ಡಾಕ್ಟರು ಕೈ ಚಾಚಿದಾಗ ಬೇಕಾದದ್ದು ಆ ಕೈಗೆ ಸಿಗುವಂತೆ ನೋಡಿಕೊಳ್ಳುವುದು, ಇಷ್ಟು ನನ್ನ ಕೆಲಸ. ಊರು ಮಂಗಲ್ಪಾಡಿ. ಹಾಗಾಗಿ ಉಪ್ಪಳ, ಬಂದ್ಯೋಡು, ಕುಂಬಳೆ ಕಡೆ ನಮ್ಮ ಪರಿಚಯದವರಿಗೆ ಏನೇ ಕಚ್ಚಿದರೂ ಮೊದಲ ಫೋನ್ ನನಗೆ ಬರುತ್ತದೆ. ಆಂಬುಲೆನ್ಸ್ ಆಮೇಲೆ.

ಭಯಪಡುವವರನ್ನು ನಾನು ಹಾಸ್ಯ ಮಾಡುವುದಿಲ್ಲ. ಕನ್ನಡದಲ್ಲಿ ಅರಿವಳಿಕೆ ಅನ್ನುತ್ತಾರೆ, ಆದರೆ ನಮ್ಮ ಮನೆಗಳಲ್ಲಿ ಅದು ಬೋಧ ಕೆಡಿಸುವುದು. ಕೆಟ್ಟದ್ದು ತಿರುಗಿ ಸರಿಯಾಗಬೇಕಲ್ಲ ಎಂಬ ಹೆದರಿಕೆ ಆ ಮಾತಿನೊಳಗೇ ಇದೆ. ಪ್ರತಿ ಕುಟುಂಬದಲ್ಲೂ "ಥಿಯೇಟರಿಗೆ ಹೋದವರು ಬರಲಿಲ್ಲ" ಎಂಬ ಒಂದು ಹಳೆ ಕತೆ ಇದ್ದೇ ಇರುತ್ತದೆ. ಆದರೆ ಪ್ರಾಣಿ ಕಚ್ಚಿದ ಗಾಯದ ವಿಷಯ ಬೇರೆ. ಅಪೆಂಡಿಕ್ಸ್ ಆಪರೇಷನ್ನಿಗೆ ಅನಸ್ತೇಷಿಯಾ ಕೊಡುವುದು ಕೊಯ್ಯುವ ನೋವು ಗೊತ್ತಾಗದಿರಲಿ ಅಂತ. ಮಗುವಿನ ಮುಖಕ್ಕೆ ನಾಯಿ ಬಾಯಿ ಹಾಕಿದಾಗ ಕೊಡುವುದು ಹೊಲಿಗೆಗಿಂತ ಹೆಚ್ಚಾಗಿ ತೊಳೆಯುವುದಕ್ಕೆ. ಈ ಒಂದು ಮಾತು ಮನೆಯವರಿಗೆ ಅರ್ಥವಾದರೆ ಉಳಿದದ್ದು ಸುಲಭ.

ರೇಬೀಸ್ ವೈರಸ್ ನಾಯಿಯ ಜೊಲ್ಲಿನಿಂದ ಗಾಯದೊಳಗೆ ಬೀಳುತ್ತದೆ, ಅಲ್ಲಿಂದ ನರ ಹಿಡಿದು ಮೆದುಳಿನ ಕಡೆಗೆ ನಡೆಯುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ. ಕಾಲಿನಿಂದ ಮೆದುಳಿಗೆ ದಾರಿ ದೂರ, ಕೆನ್ನೆಯಿಂದ ಗೇಣಷ್ಟೇ. ಲಸಿಕೆ ಹಾಕಿದ ಮೇಲೆ ಮೈ ತನ್ನದೇ ಪ್ರತಿರೋಧ ಹುಟ್ಟಿಸಿಕೊಳ್ಳಲು ಒಂದು ವಾರವಾದರೂ ಬೇಕು. ಆ ವಾರ ಕಾವಲಿಗೆ ನಿಲ್ಲುವುದು ಸೀರಂ, ಅಂದರೆ ಇಮ್ಯುನೊಗ್ಲೋಬ್ಯುಲಿನ್. ಅದನ್ನು ಲಸಿಕೆಯ ಹಾಗೆ ತೋಳಿಗೆ ಚುಚ್ಚಿ ಮುಗಿಸುವಂತಿಲ್ಲ. ಹಲ್ಲು ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ, ಗಾಯದ ತಳಕ್ಕೆ, ಅಂಚಿಗೆ, ಒಂದೊಂದಕ್ಕೂ ಸೂಜಿ ಇಳಿಸಿ ತುಂಬಬೇಕು. ಒಂದು ತೂತು ಬಿಟ್ಟುಹೋದರೆ ಅಲ್ಲಿ ಕಾವಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಪತ್ತನಂತಿಟ್ಟದ 12 ವರ್ಷದ ಹುಡುಗಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಕಣ್ಣಿನ ಬಳಿ ಕಡಿತವಾಗಿತ್ತು, ಮೂರು ಲಸಿಕೆಯೂ ಆಗಿತ್ತು. 2025ರ ಏಪ್ರಿಲ್ ಕೊನೆಗೆ ಮಲಪ್ಪುರಂ ಜಿಲ್ಲೆಯ ಒಂದು ಪುಟ್ಟ ಹುಡುಗಿ, ತಲೆಗೆ ಕಡಿತ, ಲಸಿಕೆ ತೆಗೆದುಕೊಂಡ ಮೇಲೂ ಉಳಿಯಲಿಲ್ಲ. ಆ ಎರಡು ಮನೆಗಳ ದುಃಖದ ಮೇಲೆ ತೀರ್ಪು ಹೇಳುವ ಹಕ್ಕು ನನಗಿಲ್ಲ. ತಲೆ, ಮುಖ, ಕುತ್ತಿಗೆಯ ಕಡಿತವನ್ನು ಕಾಲಿನ ಗೀರಿನ ಹಾಗೆ ನೋಡಬೇಡಿ ಎಂದಷ್ಟೇ ಹೇಳುತ್ತೇನೆ.

"ಹಾಗಾದರೆ ಅಲ್ಲಿಗೇ ಮರಗಟ್ಟಿಸುವ ಇಂಜೆಕ್ಷನ್ ಕೊಡಿ" ಅನ್ನುತ್ತಾರೆ. ದೊಡ್ಡವರ ಕೈಗೋ ಕಾಲಿಗೋ ಆದರೆ ಅದು ಧಾರಾಳ ಸಾಕು. ನಿಜ ಹೇಳಬೇಕೆಂದರೆ ನಾಯಿ ಕಡಿದು ಬರುವ ಹೆಚ್ಚಿನವರಿಗೆ ಅದೂ ಬೇಡ. ಆದರೆ 15 ಕಿಲೋದ ಮಗುವಿನ ಲೆಕ್ಕ ನೋಡಿ. ಅಡ್ರಿನಲಿನ್ ಬೆರೆಸದ ಲಿಗ್ನೊಕೇಯ್ನ್ ಕಿಲೋಗೆ 3 ಮಿಲಿಗ್ರಾಂ ಎಂದು ಇಟ್ಟುಕೊಂಡರೆ 45 ಮಿಲಿಗ್ರಾಂ ಆಯಿತು. ಎರಡು ಶೇಕಡದ ಬಾಟಲಿಯಲ್ಲಿ ಒಂದು ಮಿಲಿಗೆ 20 ಮಿಲಿಗ್ರಾಂ ಇರುತ್ತದೆ. ಅಲ್ಲಿಗೆ ಎರಡು ಮಿಲಿ ಚಿಲ್ಲರೆ! ಸಲೈನ್ ಸೇರಿಸಿ ಹಿಗ್ಗಿಸಬಹುದು, ಆದರೂ ಐದು ಕಡೆ ಹರಿದ ಮುಖಕ್ಕೆ ಸಾಲುವುದು ಕಷ್ಟ. ಮಿತಿ ಮೀರಿದರೆ ಅಪಸ್ಮಾರದ ಹಾಗೆ ಸೆಳೆತ ಬರಬಹುದು, ಹೃದಯದ ಬಡಿತ ತಪ್ಪಬಹುದು. ಮೇಲಾಗಿ ತುಟಿಗೆ ಮದ್ದು ತುಂಬಿದರೆ ತುಟಿ ಊದಿಕೊಳ್ಳುತ್ತದೆ. ಕೆಂಪು ಭಾಗ ಮತ್ತು ಚರ್ಮ ಸೇರುವ ಗೆರೆಯನ್ನು ಸರ್ಜನ್ನರು ಆಗ ಹೊಂದಿಸುವುದು ಹೇಗೆ? ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಮದುವೆ ಫೋಟೋದಲ್ಲಿ ಕಾಣುತ್ತದೆ.

ಎರಡು ವರ್ಷದ ಹಿಂದಿನ ಒಂದು ದಿನ. ನೆರೆಮನೆಯ ಹುಡುಗ, ನಾಲ್ಕು ವರ್ಷ. ಅಕ್ಕನ ಜೊತೆ ಬೆಳಿಗ್ಗೆ ಮದ್ರಸಕ್ಕೆ ಹೊರಟಿದ್ದ. ನಮ್ಮ ಮಕ್ಕಳು ರಸ್ತೆಗೆ ಇಳಿಯುವ ಹೊತ್ತು ನಿಮಗೆ ಗೊತ್ತು. ಆಗ ಅಂಗಡಿ ತೆರೆದಿರುವುದಿಲ್ಲ, ಜನ ಇರುವುದಿಲ್ಲ, ನಾಯಿಗಳ ಹಿಂಡು ಮಾತ್ರ ಇರುತ್ತದೆ. 2022ರಲ್ಲಿ ಬೇಕಲದ ಕಡೆ ಒಬ್ಬ ತಂದೆ ಏರ್‌ಗನ್ ಹಿಡಿದು ಮದ್ರಸ ಮಕ್ಕಳ ಮುಂದೆ ನಡೆದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಅವರ ಮೇಲೆ ಪೊಲೀಸ್ ಕೇಸೂ ಆಯಿತು. ಬಂದೂಕು ಸರಿಯೋ ತಪ್ಪೋ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ನಾಯಿಗಳು ಅಲ್ಲೇ ಇದ್ದವು.

ಹುಡುಗನ ಉಮ್ಮ ಫೋನ್ ಮಾಡಿದಾಗ ನಾನು ಡ್ಯೂಟಿಗೆ ಹೊರಟು ಬಸ್‌ಸ್ಟಾಪಿನಲ್ಲಿದ್ದೆ. "ಇಚ್ಚಾ, ಮೋನೆಯ ಮುಖ..." ಅಷ್ಟೇ ಹೇಳಿದಳು. ಅಂಗಳದ ನಳ್ಳಿಯ ಬುಡಕ್ಕೆ ಕೂರಿಸು, ಸಾಬೂನು ಹಾಕಿ ತೊಳಿ, ಹದಿನೈದು ನಿಮಿಷ ಗಡಿಯಾರ ನೋಡಿ ತೊಳಿ ಅಂದೆ. ಹಿಂದಿನಿಂದ ಉಮ್ಮಮ್ಮ ಕಾಫಿಪುಡಿ ತರಲು ಹೇಳುವುದು ಕೇಳುತ್ತಿತ್ತು. ರಕ್ತ ನಿಲ್ಲಲಿಕ್ಕೆ ಅಂತ. ಕಾಫಿಪುಡಿ, ಅರಿಶಿನ, ಸುಣ್ಣ, ಮೆಣಸಿನಪುಡಿ, ಯಾವುದೂ ಬೇಡ. ಹಾಕಿದ್ದನ್ನೆಲ್ಲ ಆಮೇಲೆ ನಾವು ಗಾಯದೊಳಗಿಂದ ಕೆರೆದು ತೆಗೆಯಬೇಕಾಗುತ್ತದೆ. ನಾಯಿಯ ಜೊಲ್ಲು ಸೋಕಿದರೆ ಏಳು ಸಲ, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ ತೊಳೆಯಬೇಕೆಂದು ಕಲಿತು ಬೆಳೆದವರು ನಾವು. ತೊಳೆಯುವುದಕ್ಕೆ ನಮ್ಮವರು ಉದಾಸೀನ ಮಾಡುವುದಿಲ್ಲ, ಅದು ಒಳ್ಳೆಯದೇ. ಆದರೆ ತೆರೆದ ಗಾಯಕ್ಕೆ ಮಣ್ಣು ಸೋಕಿಸಬೇಡಿ, ಧನುರ್ವಾಯು ಮಣ್ಣಿನಲ್ಲೇ ಇರುವುದು. ಬಟ್ಟೆಬರೆಯ ವಿಷಯ ನಿಧಾನವಾಗಿ ಉಸ್ತಾದರನ್ನು ಕೇಳಿ.

ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಯಲ್ಲಿ ಮೊದಲ ಲಸಿಕೆ ಹಾಕಿಸಿಕೊಂಡು ಮಂಗಳೂರಿಗೆ ಹೊರಟರು. ಮೂವತ್ತು ಕಿಲೋಮೀಟರಿನ ದಾರಿ, ಆದರೆ ನಮಗೆ ಅದು ಇನ್ನೊಂದು ರಾಜ್ಯ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರು ಎಷ್ಟು ದೂರ ಎಂದು ಎಲ್ಲರಿಗೂ ಗೊತ್ತಾಯಿತು. ದೊಡ್ಡ ಆಪರೇಷನ್ ಏನಿದ್ದರೂ ಆ ಕಡೆ ನೋಡುವುದು ನಮ್ಮ ಅಭ್ಯಾಸ. ಆ ಅಭ್ಯಾಸಕ್ಕೆ ಕಾರಣಗಳಿವೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಕಾರಿನಲ್ಲಿ ಹುಡುಗ ಅಳು ನಿಲ್ಲಿಸಲಿಲ್ಲ. ಕಾರು ಬಿಡುತ್ತಿದ್ದ ಮಾಮ ತೊಕ್ಕೊಟ್ಟಿನಲ್ಲಿ ನಿಲ್ಲಿಸಿ ಮಾವಿನಹಣ್ಣಿನ ಜ್ಯೂಸ್ ಪ್ಯಾಕೆಟ್ ತೆಗೆದುಕೊಟ್ಟ. ಯಾರಾದರೂ ಮಾಡುವ ಕೆಲಸವೇ. ಕ್ಯಾಶುವಾಲಿಟಿಯಲ್ಲಿ ಅನಸ್ತೇಷಿಯಾ ಡಾಕ್ಟರು ಬಂದು "ಕೊನೆಗೆ ಏನು ತಿಂದದ್ದು, ಎಷ್ಟು ಹೊತ್ತಿಗೆ?" ಎಂದು ಕೇಳಿದಾಗ ಮಾಮ, "ಬೆಳಿಗ್ಗೆಯಿಂದ ಏನೂ ಇಲ್ಲ" ಅಂದ. ತಿಂದಿದ್ದಾನೆ ಅಂದರೆ ಕಾಯಿಸುತ್ತಾರೆ ಎಂಬ ಅವಸರ ಅವನದ್ದು. ಉಮ್ಮ ತಲೆಯೆತ್ತಿ ಹೇಳಿದಳು: "ಆರು ಗಂಟೆಗೆ ಚಾಯ, ಎರಡು ಬಿಸ್ಕತ್ತು. ಈಗ ಅರ್ಧ ಗಂಟೆಯ ಹಿಂದೆ ಜ್ಯೂಸ್."

ಆ ಒಂದು ಉತ್ತರದಿಂದ ನನ್ನ ಟ್ರೇ ಬದಲಾಯಿತು. ಪ್ರಜ್ಞೆ ಹೋದಾಗ ಕೆಮ್ಮುವ, ನುಂಗುವ ಕಾವಲೂ ಹೋಗುತ್ತದೆ. ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದರೆ ನೇರ ಶ್ವಾಸಕೋಶಕ್ಕೆ. ಅದಕ್ಕೇ ಗಟ್ಟಿ ಆಹಾರಕ್ಕೆ 6 ಗಂಟೆ, ಎದೆಹಾಲಿಗೆ 4, ಬರೀ ನೀರಿಗೆ 2 ಗಂಟೆ ಎಂಬ ಲೆಕ್ಕ. ಪೆಟ್ಟಾದವರಲ್ಲಿ ಆ ಲೆಕ್ಕವೂ ಪೂರ್ತಿ ನಂಬುವ ಹಾಗಿಲ್ಲ. ನೋವು, ಹೆದರಿಕೆಯಿಂದ ಹೊಟ್ಟೆಯ ಕೆಲಸ ನಿಂತಂತಾಗುತ್ತದೆ. ಆರಕ್ಕೆ ತಿಂದು ಮುಕ್ಕಾಲು ಗಂಟೆಯೊಳಗೆ ಕಡಿತವಾಗಿದ್ದರೆ ಹತ್ತು ಗಂಟೆಗೂ ಬಿಸ್ಕತ್ತು ಅಲ್ಲೇ ಇರಬಹುದು. (ರಂಝಾನಿನ ಮಧ್ಯಾಹ್ನ ಬರುವ ದೊಡ್ಡವರನ್ನು ಕಂಡರೆ ನಮ್ಮ ಡಾಕ್ಟರಿಗೆ ಸ್ವಲ್ಪ ಸಮಾಧಾನ. ಅವರೂ ನೋಂಬಿನ ಲೆಕ್ಕ ಕಲಿತಿದ್ದಾರೆ.) ತಿಂದದ್ದು ಹೇಳಿದರೆ ಚಿಕಿತ್ಸೆ ನಿಲ್ಲುವುದಿಲ್ಲ. ತೊಳೆಯುವುದು, ಲಸಿಕೆ ಯಾವುದೂ ಕಾಯುವುದಿಲ್ಲ. ಕಾಯುವಂತಿಲ್ಲದ ಗಾಯವಾದರೆ ಹೊಟ್ಟೆ ತುಂಬಿದೆ ಎಂದೇ ಎಣಿಸಿ ಮಲಗಿಸುವ ಕ್ರಮ ಬೇರೆ ಇದೆ. ಅದಕ್ಕೆ ನಾವು ತಯಾರಾಗಿರಬೇಕು, ಅಷ್ಟೇ.

ಹುಡುಗನಿಗೆ ಹಾಗೇ ಮಾಡಿದರು. ಅವನ ಕೆನ್ನೆ ಬಾಯಿಯ ಒಳಗಿನ ತನಕ ಹರಿದಿತ್ತು, ಅಂಥ ಮುಖದ ಮೇಲೆ ಮಾಸ್ಕ್ ಗಾಳಿ ಸೋರದೆ ಕೂರುವುದಿಲ್ಲ. ಗಂಟಲಿಗೆ ರಕ್ತ ಇಳಿಯುತ್ತಿತ್ತು. ಸಕ್ಷನ್ ಒಂದಲ್ಲ, ಎರಡು ಇಟ್ಟೆ. ಕೈಯ ನರಕ್ಕೆ ಮದ್ದು ಹೋಗಿ ಒಂದು ನಿಮಿಷದೊಳಗೆ ಶ್ವಾಸನಾಳಕ್ಕೆ ಟ್ಯೂಬ್ ಇಳಿಯಿತು. ಮಾನಿಟರಿನಲ್ಲಿ ಉಸಿರಿನ ಗೆರೆ ಎದ್ದು ಬಿದ್ದು ನಡೆಯತೊಡಗಿತು. ಆ ಗೆರೆ ಬರುವ ತನಕ ಥಿಯೇಟರಿನಲ್ಲಿ ಯಾರೂ ಮಾತಾಡುವುದಿಲ್ಲ.

ಆಮೇಲೆ ನಡೆದದ್ದನ್ನು ಮನೆಯವರು ನೋಡಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನಿಸಿದೆ. ಹೊಲಿಗೆ ಎಲ್ಲಿಯೂ ಇಲ್ಲ. ಸರ್ಜನ್ನರು ಬಾಟಲಿ ಬಾಟಲಿ ಸಲೈನ್ ಹಾಕಿ ತೊಳೆದೇ ತೊಳೆದರು. ಕೆನ್ನೆಯ ಚರ್ಮದ ಪದರ ಎತ್ತಿ ಅಡಿಯಲ್ಲಿ ತೊಳೆದರು, ರಸ್ತೆಯ ಮರಳು ಬಂತು. ತುಟಿಯನ್ನು ಮಗುಚಿ ಒಳಗಿನಿಂದ ತೊಳೆದರು. ಮತ್ತೆ ತಲೆಯನ್ನು ಆ ಕಡೆ ತಿರುಗಿಸಿ ಕೂದಲು ಸರಿಸಿದಾಗ ಕಿವಿಯ ಹಿಂದೆ ಒಂದು ತೂತು ಕಂಡಿತು. ಅಕ್ಕಿಕಾಳಿನಷ್ಟು. ರಕ್ತವೂ ಇಲ್ಲ. ಮನೆಯಲ್ಲಿ ಯಾರೂ ನೋಡಿರಲಿಲ್ಲ, ಕ್ಯಾಶುವಾಲಿಟಿಯಲ್ಲೂ ಕಂಡಿರಲಿಲ್ಲ. ಕಿರುಚಿ ಒದೆಯುವ ಮಗುವಿನ ತಲೆ ಹಿಡಿದುಕೊಂಡಿರುವವರ ಅಂಗೈಯ ಅಡಿಯಲ್ಲೇ ಅದು ಇದ್ದದ್ದು.

15 ಕಿಲೋದ ಮಗುವಿಗೆ ಸೀರಂ ಸುಮಾರು 2 ಮಿಲಿ ಬರುತ್ತದೆ. ಕುದುರೆಯ ಸೀರಂ ಆದರೆ ಕಿಲೋಗೆ 40 ಯೂನಿಟ್, ಮನುಷ್ಯರದ್ದಾದರೆ 20. ಅಷ್ಟು ಸ್ವಲ್ಪ ಮದ್ದು ಎಲ್ಲ ಗಾಯಕ್ಕೂ ಸಿಗಲಿ ಎಂದು ಸಲೈನಿನಲ್ಲಿ ಬೆರೆಸಿ ಹಿಗ್ಗಿಸುತ್ತಾರೆ. ಕೆನ್ನೆಗೆ, ತುಟಿಗೆ, ಹುಬ್ಬಿನ ಬಳಿಗೆ ಹಾಕಿ, ಕಿವಿಯ ಹಿಂದಿನ ಆ ತೂತಿಗೂ ಹಾಕಿದರು. ಎಚ್ಚರವಿರುವ ಮಗುವಿಗೆ ಹರಿದ ಮುಖದೊಳಗೆ ಹತ್ತಾರು ಸಲ ಸೂಜಿ! ನಾಲ್ಕು ಜನ ಹಿಡಿಯಬಹುದು, ಆದರೆ ಕೈ ನಡುಗದೆ ತಳದ ತನಕ ಯಾರು ಚುಚ್ಚುತ್ತಾರೆ? ಒಂದೆರಡು ಕಡೆ ಹಾಕಿ "ಸಾಕು" ಅಂದುಬಿಡುತ್ತಾರೆ. ಪಾಪ ಅನಿಸಿ ಬಿಟ್ಟ ಗಾಯವೇ ಅಪಾಯದ್ದು.

ಕೊನೆಗೆ ತುಟಿಗೆ, ಕೆನ್ನೆಗೆ ಸಡಿಲವಾಗಿ ಕೆಲವೇ ಹೊಲಿಗೆ. ಉಮ್ಮಮ್ಮನಿಗೆ ಅದೂ ಸಮಾಧಾನವಾಗಲಿಲ್ಲ, "ಇಷ್ಟು ದೊಡ್ಡ ಆಸ್ಪತ್ರೆ, ಹೊಲಿಗೆ ಬಿಗಿಯಿಲ್ಲ" ಅಂದರು. ನಾಯಿ ಕಡಿತದಲ್ಲಿ ಬಿಗಿ ಹೊಲಿಗೆ ಒಳ್ಳೆಯದಲ್ಲ. ಆಗುವುದಾದರೆ ಹೊಲಿಯದೆ ಬಿಡುತ್ತಾರೆ, ಹೊಲಿಯಲೇಬೇಕಾದರೆ ಸೀರಂ ಹಾಕಿದ ಮೇಲೆ, ಅದೂ ಸಡಿಲವಾಗಿ. ಇದಕ್ಕೂ ಹಿಂದೆ ಒಂದು ಕ್ಲಿನಿಕ್ಕಿನಲ್ಲಿ ಒಬ್ಬ ಹುಡುಗಿಯ ತಲೆಯ ಗಾಯವನ್ನು ಸೀರಂ ಹಾಕದೆ ಚಂದ ಹೊಲಿದು ಕಳಿಸಿದ್ದರು. ಮರುದಿನ ನಮ್ಮಲ್ಲಿ ಆ ಚಂದದ ಹೊಲಿಗೆಯನ್ನೆಲ್ಲ ಬಿಚ್ಚಿ ಮೊದಲಿನಿಂದ ಶುರುಮಾಡಬೇಕಾಯಿತು.

ಎಲ್ಲ ಮಕ್ಕಳಿಗೂ ಟ್ಯೂಬ್ ಹಾಕುವುದಿಲ್ಲ. ಹೊಟ್ಟೆ ಖಾಲಿ ಇದ್ದು, ಗಾಯ ಕೈಕಾಲಿನಲ್ಲಿದ್ದರೆ ಕೆಟಮಿನ್ ಎಂಬ ಮದ್ದು ಹೆಚ್ಚಾಗಿ ಸಾಕಾಗುತ್ತದೆ. 1962ರಲ್ಲಿ ಅಮೆರಿಕದಲ್ಲಿ ತಯಾರಾದದ್ದು, 1964ರಲ್ಲಿ ಮೊದಲ ಸಲ ಮನುಷ್ಯರಿಗೆ ಕೊಟ್ಟದ್ದು. ಇಂದಿಗೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ. ಬೇರೆ ಮದ್ದುಗಳ ಹಾಗೆ ಇದು ಉಸಿರನ್ನು ಅಷ್ಟು ಸುಲಭದಲ್ಲಿ ತಗ್ಗಿಸುವುದಿಲ್ಲ. ಆದರೆ ನೋಡುವವರಿಗೆ ಹೆದರಿಕೆ, ಯಾಕೆಂದರೆ ಮಗು ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಕಣ್ಣುಗುಡ್ಡೆ ಅತ್ತಿತ್ತ ಓಡುತ್ತದೆ, ಜೊಲ್ಲು ಬರುತ್ತದೆ. ಮಗು ನಮ್ಮನ್ನು ನೋಡುತ್ತಿಲ್ಲ, ನೋವು ಅದಕ್ಕೆ ತಲುಪುತ್ತಿಲ್ಲ. ಏಳುವಾಗ ಏನಾದರೂ ಬಡಬಡಿಸಿದರೆ ಗಾಬರಿಯಾಗಬೇಡಿ, ಜೋರು ಮಾತಿಲ್ಲದೆ ಹತ್ತಿರ ಕೂತರೆ ಸಾಕು. "ಅದು ಚಿರತೆಗೆ ಹೊಡೆಯುವ ಮದ್ದಲ್ವಾ?" ಎಂದು ಒಬ್ಬ ಕಾಲೇಜು ಹುಡುಗ ಫೋನ್ ನೋಡಿ ನನ್ನನ್ನು ಕೇಳಿದ್ದ. ಹೌದು, ಚಿರತೆ ಹಿಡಿಯುವಾಗ ಅದನ್ನೇ ಇನ್ನೊಂದು ಮದ್ದಿನ ಜೊತೆ ಬೆರೆಸಿ ಹೊಡೆಯುತ್ತಾರೆ. ಉಪ್ಪು ನಮಗೂ ದನಕ್ಕೂ ಒಂದೇ ಅಲ್ವಾ ಅಂದೆ.

ಉಮ್ಮಮ್ಮನ ಕಾಲದ ನೆನಪು ಹೊಕ್ಕುಳ ಸುತ್ತ ಹಾಕುತ್ತಿದ್ದ 14 ಸೂಜಿ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಲಸಿಕೆಯ ತಯಾರಿ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತಿತು. ನಾಯಿ ಕಡಿದರೆ ಬೇನೆ ತಿನ್ನಲೇಬೇಕು ಎಂಬ ನಂಬಿಕೆ ಅವರಿಗೆ ಬಂದದ್ದು ಅಲ್ಲಿಂದ. ಈಗ ತೋಳಿನ ಚರ್ಮಕ್ಕೆ ಸಣ್ಣ ಚುಚ್ಚು, ಮೊದಲ ದಿನ, ಮತ್ತೆ 3, 7, 28ನೇ ದಿನ.

ನಾಯಿ ಮಾತ್ರವಲ್ಲ. ಮೀನು ಕೊಯ್ಯುವ ಉಮ್ಮಂದಿರ ಕಾಲಬುಡದಲ್ಲಿ ಕೂರುವ ಬೆಕ್ಕಿನ ಕಡಿತಕ್ಕೂ ಇದೇ ತೊಳೆಯುವಿಕೆ, ಇದೇ ಲಸಿಕೆ. ಪೈವಳಿಕೆ ಕಡೆಯ ತೋಟದವರು ಬರುವುದು ಕಾಡುಹಂದಿಯ ಗಾಯದಲ್ಲಿ. 2022ರಲ್ಲಿ ಕೇರಳ ಸರ್ಕಾರ ಹಂದಿ ಕೊಲ್ಲಲು ಆದೇಶಿಸುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೂ ಕೊಟ್ಟ ಮೇಲೂ ಅವರು ಬರುತ್ತಲೇ ಇದ್ದಾರೆ. ಕೋರೆ ತೊಡೆಯನ್ನು ಕತ್ತಿಯ ಹಾಗೆ ಸೀಳುತ್ತದೆ, ಹೊರಗಿನ ಬಾಯಿ ಚಿಕ್ಕದು, ಒಳಗೆ ಆಳ. ಅದಕ್ಕೆ ಬೆನ್ನಿಗೆ ಸೂಜಿ ಹಾಕಿ ಸೊಂಟದಿಂದ ಕೆಳಗೆ ಮರಗಟ್ಟಿಸುತ್ತಾರೆ. ಎಚ್ಚರವಿರುತ್ತದೆ, ಬೇಕಾದರೆ ಅಡಿಕೆಯ ರೇಟು ಮಾತಾಡಬಹುದು. ಆ ಸೂಜಿಯಿಂದ ಆಯುಷ್ಯಪೂರ್ತಿ ಬೆನ್ನುನೋವು ಬರುತ್ತದೆ ಎಂಬುದು ಸುಳ್ಳು. ಒಂದು ವಿಷಯ ಮಾತ್ರ ಮುಚ್ಚಿಡಬೇಡಿ: ಕತ್ತಲಲ್ಲಿ ಕಚ್ಚಿದ್ದು ಹಾವೂ ಆಗಿರಬಹುದು ಅಂತಿದ್ದರೆ ಹೇಳಿ. ಕೊಳಕುಮಂಡಲದ ವಿಷದಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ. ಗಾಜಿನ ಕೊಳವೆಯಲ್ಲಿ 20 ನಿಮಿಷ ರಕ್ತ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟದವರ ಬೆನ್ನಿಗೆ ಸೂಜಿ ಹಾಕಿದರೆ ಒಳಗೆ ರಕ್ತ ನಿಂತು ಕಾಲಿನ ಬಲವೇ ಹೋಗಬಹುದು.

ಇನ್ನು ಸಹಿಯ ವಿಷಯ. ನಮ್ಮಲ್ಲಿ ಅರ್ಧಕ್ಕರ್ಧ ಮನೆಗಳ ಉಪ್ಪಂದಿರು ಗಲ್ಫಿನಲ್ಲಿ. ಥಿಯೇಟರ್ ತಯಾರಿರುತ್ತದೆ, ಡಾಕ್ಟರು ತಯಾರಿರುತ್ತಾರೆ, ಒಪ್ಪಿಗೆ ಪತ್ರ ಹಿಡಿದು ಉಮ್ಮ ಕೂತಿರುತ್ತಾಳೆ, ಕಾಕಂದಿರು "ಅವನನ್ನು ಕೇಳದೆ ಹೇಗೆ?" ಎಂದು ಫೋನ್ ಹಚ್ಚುತ್ತಿರುತ್ತಾರೆ. ಆ ಕಡೆ ಅವನು ಕೆಲಸದಲ್ಲಿ, ಫೋನ್ ಲಾಕರಿನಲ್ಲಿ. ಮಗುವಿನ ಚಿಕಿತ್ಸೆಗೆ ಉಮ್ಮನ ಸಹಿ ಸಾಕು, ಅದು ಉಪ್ಪನ ಸಹಿಗಿಂತ ಒಂದು ಗುಲಗಂಜಿಯೂ ಕಡಿಮೆಯಲ್ಲ. ಇದನ್ನು ಆಸ್ಪತ್ರೆಯವರು ಹೇಳಿದರೂ ನಮ್ಮವರಿಗೆ ನಂಬಿಕೆ ಬರುವುದಿಲ್ಲ.

ಆ ಹುಡುಗನ ಉಮ್ಮ ಎರಡು ಸಲ ಶಾರ್ಜಕ್ಕೆ ಫೋನ್ ಮಾಡಿದಳು, ಮೂರನೆಯ ಸಲ ಮಾಡಲಿಲ್ಲ. ಕಾಗದ ಓದಿದಳು, "ಎಷ್ಟು ಹೊತ್ತು?" ಎಂದು ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿದಳು, ಕನ್ನಡದಲ್ಲಿ ಸಹಿ ಹಾಕಿದಳು. ಮಾಮ ಕಾರಿಡಾರಿನಲ್ಲಿ ಗೋಡೆ ನೋಡುತ್ತ ನಿಂತಿದ್ದ. ಮಧ್ಯಾಹ್ನ ಎರಡು ಗಂಟೆಗೆ ಗಂಡ ವಾಪಸ್ ಕರೆ ಮಾಡಿದಾಗ ಹುಡುಗ ಎಚ್ಚರವಾಗಿ, ದೊರಗು ದನಿಯಲ್ಲಿ ನೀರು ಕೇಳುತ್ತಿದ್ದ. "ನನ್ನನ್ನು ಕೇಳಬಹುದಿತ್ತಲ್ಲ" ಅಂದದ್ದು ಸ್ಪೀಕರಿನಲ್ಲಿ ನಮಗೂ ಕೇಳಿತು. ಅವಳು ಫೋನನ್ನು ಮಗನ ಕಡೆ ತಿರುಗಿಸಿ ಹಿಡಿದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

28ನೇ ದಿನದ ಲಸಿಕೆಗೆ ಹುಡುಗನನ್ನು ಕೈಹಿಡಿದು ಕರೆದುಕೊಂಡು ಹೋದದ್ದು ಉಮ್ಮಮ್ಮ.